ಎರಡು ಚಿತ್ರಗಳ ನಡುವಣ ಕಾಲ

ಕುದುರೆಯ ಅತಿವೇಗದ ಓಟಕ್ಕೆ ನಮ್ಮಲ್ಲಿ ‘ನಾಗಾಲೋಟ’ ಎಂಬ ಸೊಗಸಾದ ಮಾತಿದೆ. ಅದಕ್ಕೂ ನಾಗರಹಾವಿಗೂ ನಂಟು ಕಲ್ಪಿಸುವವರುಂಟು. ನಿಜವಾಗಿ ಅದು ನಾಲ್ಕು ಕಾಲಿನ ಓಟ, ಅಷ್ಟೆ. ಆ ಮಾತನ್ನು ಮಾಡಿದವರು ಕಾಲುಗಳನ್ನು ಎಣಿಸಿದರೇ ಹೊರತು, ಓಡುವಾಗ ಆ ನಾಲ್ಕು ಕಾಲುಗಳು ಏನು ಮಾಡುತ್ತವೆಂದು ಹೇಳಲಿಲ್ಲ. ಹೇಳುವ ಉಪಾಯವೂ ಅವರಿಗಿರಲಿಲ್ಲ. ಮನುಷ್ಯ ಕುದುರೆಯನ್ನು ಪಳಗಿಸಿ ಸಾವಿರಾರು ವರ್ಷಗಳಾಗಿದ್ದವು. ಅದರ ಬೆನ್ನ ಮೇಲೆ ಕುಳಿತು ರಾಜ್ಯಗಳನ್ನು ಗೆದ್ದಿದ್ದ, ಸೋತಿದ್ದ. ಕಲ್ಲಿನಲ್ಲಿ ಕಡೆದಿದ್ದ, ಬಣ್ಣದಲ್ಲಿ ಬರೆದಿದ್ದ. ಆದರೂ ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲ ಬಿಟ್ಟು ಮೇಲೇಳುತ್ತವೆಯೆ, ಇಲ್ಲವೆ ಎಂಬ ಸಣ್ಣ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಎಲ್ಲರೂ ಒಪ್ಪುವ ಉತ್ತರ ದೊರೆತಿರಲಿಲ್ಲ.

ಚಿತ್ರಕಾರರಿಗೆ ಮಾತ್ರ ಈ ವಿಷಯದಲ್ಲಿ ಸಂಶಯವಿರಲಿಲ್ಲ. ಫ್ರೆಂಚ್ ಕಲಾವಿದ ಜೆರಿಕೋ ೧೮೨೧ರಲ್ಲಿ ಬರೆದ ಎಪ್ಸಂ ಡರ್ಬಿಯ ಚಿತ್ರ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಲ್ಲಿನ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಹೊಟ್ಟೆ ನೆಲಕ್ಕೆ ತಗಲುವಂತೆ ಗಾಳಿಯಲ್ಲಿ ತೇಲುತ್ತವೆ. ನೋಡಿದವರು ಯಾರೂ ಆಕ್ಷೇಪಿಸಲಿಲ್ಲ. ಓಟವೆಂದರೆ ಹೀಗೆಯೇ ಎಂದು ಮೆಚ್ಚಿದರು. ಕಣ್ಣಿಗೆ ಕಾಣುವುದು ಕಾಲುಗಳ ಒಂದು ಮಸುಕು; ಆ ಮಸುಕಿನ ಜಾಗದಲ್ಲಿ ಮನಸ್ಸು ತನಗೆ ಬೇಕಾದ ಚಿತ್ರವನ್ನು ಇಟ್ಟುಕೊಳ್ಳುತ್ತದೆ.

ಆ ಮಸುಕನ್ನು ಬಿಡಿಸಿ ನೋಡಹೊರಟ ಇಬ್ಬರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಒಬ್ಬ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಎಡ್ವರ್ಡ್ ಜೇಮ್ಸ್ ಮೈಬ್ರಿಜ್. ಇನ್ನೊಬ್ಬ ಫ್ರಾನ್ಸಿನ ವೈದ್ಯ, ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೇ. ಇಬ್ಬರೂ ೧೮೩೦ರಲ್ಲಿ ಹುಟ್ಟಿದರು. ಇಬ್ಬರೂ ೧೯೦೪ರ ಮೇ ತಿಂಗಳಲ್ಲಿ, ಒಂದೆರಡು ವಾರಗಳ ಅಂತರದಲ್ಲಿ ತೀರಿಕೊಂಡರು. ಹೆಸರಿನ ಮೊದಲಕ್ಷರಗಳು ಕೂಡ ಇಬ್ಬರಿಗೂ ಒಂದೇ: ಇ, ಜೆ, ಎಂ. ಜಾತಕ ನೋಡುವವರಿಗೆ ಇದೊಂದು ಹಬ್ಬವೇ ಸರಿ. ಆದರೆ ಸ್ವಭಾವದಲ್ಲಿ ಇವರಷ್ಟು ದೂರವಿದ್ದ ಇಬ್ಬರು ಸಿಕ್ಕುವುದು ಕಷ್ಟ. ಸಿನಿಮಾದ ಇತಿಹಾಸ ಬರೆಯುವವರು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿ, ‘ಇವರು ಚಲನಚಿತ್ರದ ಪಿತಾಮಹರು’ ಎಂದು ನಮಸ್ಕರಿಸಿ ಮುಂದೆ ಹೋಗುತ್ತಾರೆ. ಆ ನಮಸ್ಕಾರದಲ್ಲಿ ಮುಖ್ಯವಾದುದೊಂದು ಮರೆಯಾಗುತ್ತದೆ. ಮಾರೇಗೆ ಬೇಕಾಗಿದ್ದುದು ಚಲಿಸುವ ಚಿತ್ರವಲ್ಲ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಎಷ್ಟು ಕಾಲ ಕಳೆಯಿತು ಎಂಬ ಲೆಕ್ಕ. ಆ ಲೆಕ್ಕವಿಲ್ಲದಿದ್ದರೆ ಚಿತ್ರಗಳ ಸಾಲು ನೋಡಲು ಚೆನ್ನ, ಸಾಕ್ಷಿಗೆ ಸಾಲದು.

ಮಾರೇ ಮೊದಲು ಕ್ಯಾಮರಾವನ್ನು ಮುಟ್ಟಲೇ ಇಲ್ಲ. ೧೮೬೦ರಲ್ಲಿ ಆತ ನಾಡಿಬಡಿತವನ್ನು ಗೆರೆಯಾಗಿ ಬರೆಯಿಸುವ ಒಂದು ಸಣ್ಣ ಯಂತ್ರವನ್ನು ಮಾಡಿದ್ದ. ಮಣಿಕಟ್ಟಿನ ಮೇಲಿಟ್ಟ ಸನ್ನೆಕಡ್ಡಿ ನಾಡಿ ಏರಿದಾಗ ಏರುತ್ತ, ಇಳಿದಾಗ ಇಳಿಯುತ್ತ, ಮಸಿ ಹಿಡಿಸಿದ ಕಾಗದದ ಮೇಲೆ ಗೀರುತ್ತಿತ್ತು. ಬೆರಳು ಮುಟ್ಟಿ ‘ನಾಡಿ ತುಂಬಿದೆ, ಬತ್ತಿದೆ’ ಎನ್ನುತ್ತಿದ್ದ ವೈದ್ಯರ ಎದುರಿಗೆ ಆತ ಒಂದು ಗೆರೆಯನ್ನು ಹಿಡಿದ. ಕುದುರೆಗೂ ಅದೇ ಚಿಕಿತ್ಸೆ ನಡೆಯಿತು. ನಾಲ್ಕು ಗೊರಸುಗಳ ಅಡಿಗೆ ಗಾಳಿ ತುಂಬಿದ ರಬ್ಬರಿನ ಬುರುಡೆಗಳನ್ನು ಕಟ್ಟಿ, ಅವುಗಳಿಂದ ಹೊರಟ ನಳಿಗೆಗಳನ್ನು ಸವಾರನ ಕೈಯಲ್ಲಿದ್ದ ಯಂತ್ರಕ್ಕೆ ಸೇರಿಸಿದ. ಗೊರಸು ನೆಲಕ್ಕೊತ್ತಿದಾಗ ಗಾಳಿ ನಳಿಗೆಯಲ್ಲಿ ಓಡಿ ಕಡ್ಡಿಯನ್ನು ಎತ್ತುವುದು. ಗೊರಸು ಎದ್ದಾಗ ಕಡ್ಡಿ ಇಳಿಯುವುದು. ಹೀಗೆ ಕುದುರೆ ತನ್ನ ಓಟವನ್ನು ತಾನೇ ಬರೆಯಿತು. ೧೮೭೩ರಲ್ಲಿ ಹೊರಬಂದ ಆತನ ಪುಸ್ತಕದಲ್ಲಿ ಉತ್ತರ ಸ್ಪಷ್ಟವಾಗಿತ್ತು: ಹೌದು, ನಾಲ್ಕು ಗೊರಸುಗಳೂ ನೆಲ ಬಿಡುವ ಕ್ಷಣವುಂಟು.

ಆದರೆ ಗೆರೆಗಳನ್ನು ನಂಬುವವರು ಯಾರು? ಗೆರೆಗಳನ್ನು ಓದಲು ಕಲಿಯಬೇಕು. ಚಿತ್ರವನ್ನು ನೋಡಿದರೆ ಸಾಕು.

ಈ ವಿಷಯದಲ್ಲಿ ಆಸಕ್ತಿ ತಳೆದವರಲ್ಲಿ ಕ್ಯಾಲಿಫೋರ್ನಿಯದ ಲೀಲಂಡ್ ಸ್ಟ್ಯಾನ್‌ಫರ್ಡ್ ಒಬ್ಬ. ಆ ರಾಜ್ಯದ ಮಾಜಿ ಗವರ್ನರು, ಸೆಂಟ್ರಲ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷ, ಕೋಟ್ಯಧೀಶ. ಎಲ್ಲಕ್ಕಿಂತ ಮಿಗಿಲಾಗಿ ಕುದುರೆಗಳ ಹುಚ್ಚಿನವನು. ಆತ ಇಪ್ಪತ್ತೈದು ಸಾವಿರ ಡಾಲರಿನ ಪಣ ಕಟ್ಟಿ ಈ ಪ್ರಯೋಗಕ್ಕೆ ಇಳಿದನೆಂಬ ಕಥೆಯನ್ನು ಅನೇಕ ಪುಸ್ತಕಗಳಲ್ಲಿ ಓದಬಹುದು. ಅದಕ್ಕೆ ಆಧಾರವಿಲ್ಲ. ಓಟದ ಕುದುರೆಗಳನ್ನು ಸಾಕಿ ತರಬೇತು ಮಾಡುವವನಿಗೆ ಕುದುರೆಯ ಹೆಜ್ಜೆಯನ್ನು ತಿಳಿಯಬೇಕೆನ್ನಿಸಲು ಪಣವೇಕೆ ಬೇಕು? ೧೮೭೨ರಲ್ಲಿ ಆತ ಕರೆಸಿದ್ದು ಮೈಬ್ರಿಜ್ಜನನ್ನು.

ಮೈಬ್ರಿಜ್ ಆಗ ಯೋಸೆಮಿಟಿ ಕಣಿವೆಯ ಭವ್ಯ ದೃಶ್ಯಗಳನ್ನು ತೆಗೆದು ಹೆಸರಾಗಿದ್ದ. ಅದಕ್ಕೆ ಮುಂಚೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕ ಮಾರುತ್ತಿದ್ದ. ೧೮೬೦ರಲ್ಲಿ ಟೆಕ್ಸಾಸಿನಲ್ಲಿ ಕುದುರೆಬಂಡಿ ಉರುಳಿ ತಲೆಗೆ ಭಾರಿ ಪೆಟ್ಟಾಗಿತ್ತು. ಆಮೇಲೆ ಮನುಷ್ಯ ಮೊದಲಿನಂತಿರಲಿಲ್ಲವೆಂದು ಬಲ್ಲವರು ಹೇಳುತ್ತಿದ್ದರು. ಸ್ಟ್ಯಾನ್‌ಫರ್ಡನ ‘ಆಕ್ಸಿಡೆಂಟ್’ ಎಂಬ ಕುದುರೆಯ ಮೇಲೆ ನಡೆದ ಮೊದಲ ಪ್ರಯತ್ನಗಳಿಂದ ಮಸುಕಾದ ನೆರಳುಗಳು ಮಾತ್ರ ದೊರೆತವು. ಕೆಲಸ ಮುಂದುವರಿಯುವ ಮೊದಲೇ ಬೇರೊಂದು ಪ್ರಕರಣ ನಡೆದುಹೋಯಿತು. ತನ್ನ ಹೆಂಡತಿಗೆ ಹ್ಯಾರಿ ಲಾರ್ಕಿನ್ಸ್ ಎಂಬಾತನೊಡನೆ ಸಂಬಂಧವಿದೆಯೆಂದು ತಿಳಿದ ಮೈಬ್ರಿಜ್, ೧೮೭೪ರ ಅಕ್ಟೋಬರ್ ೧೭ರ ರಾತ್ರಿ ಅವನಿದ್ದಲ್ಲಿಗೆ ಹೋಗಿ, ಬಾಗಿಲಿಗೆ ಕರೆಯಿಸಿ, ಗುಂಡಿಟ್ಟು ಕೊಂದ. ತಲೆಯ ಪೆಟ್ಟಿನಿಂದ ಬುದ್ಧಿಭ್ರಮಣೆಯಾಗಿತ್ತೆಂದು ವಕೀಲರು ವಾದಿಸಿದರು. ೧೮೭೫ರ ಫೆಬ್ರವರಿಯಲ್ಲಿ ಜ್ಯೂರಿ ಆ ವಾದವನ್ನು ಒಪ್ಪಲಿಲ್ಲ. ಆದರೂ, ಅಂಥ ಸಂದರ್ಭದಲ್ಲಿ ಗಂಡನಾದವನು ಹಾಗೆ ಮಾಡಿದ್ದು ತಪ್ಪಲ್ಲವೆಂದು ಬಿಟ್ಟುಬಿಟ್ಟಿತು! ಅವನ ಹೆಂಡತಿ ಅದೇ ವರ್ಷ ಕಾಯಿಲೆಯಿಂದ ಸತ್ತಳು. ಸಿನಿಮಾದ ಇತಿಹಾಸಕಾರರು ಈ ಘಟನೆಯನ್ನು ರಂಜನೆಗಾಗಿ ಹೇಳುವುದುಂಟು. ಸತ್ತವನ ಮತ್ತು ಆ ಹೆಣ್ಣಿನ ಪಾಲಿಗೆ ಅದು ರಂಜನೆಯಾಗಿರಲಿಲ್ಲವೆಂಬುದನ್ನು ನೆನೆದು ಮುಂದೆ ಹೋಗೋಣ.

೧೮೭೮ರ ಜೂನ್ ತಿಂಗಳಲ್ಲಿ, ಪಾಲೊ ಆಲ್ಟೊದಲ್ಲಿದ್ದ ಸ್ಟ್ಯಾನ್‌ಫರ್ಡನ ಕುದುರೆಫಾರಮಿನಲ್ಲಿ, ಪತ್ರಿಕೆಯವರ ಸಮ್ಮುಖದಲ್ಲಿ ಆ ಪ್ರಸಿದ್ಧ ಪ್ರಯೋಗ ನಡೆಯಿತು. ಓಟದ ದಾರಿಯ ಒಂದು ಬದಿಗೆ ಬೆಳ್ಳಗಿನ ಗೋಡೆ. ಇನ್ನೊಂದು ಬದಿಗೆ ಸಾಲಾಗಿ ಹನ್ನೆರಡು ಕ್ಯಾಮರಾಗಳು, ಒಂದರಿಂದ ಒಂದಕ್ಕೆ ಇಪ್ಪತ್ತೇಳು ಅಂಗುಲ ದೂರ. ಅಂದಿನ ಛಾಯಾಚಿತ್ರಣದಲ್ಲಿ ಗಾಜಿನ ಫಲಕಕ್ಕೆ ಆಗಿಂದಾಗ್ಗೆ ರಾಸಾಯನಿಕ ಲೇಪಿಸಿ, ಹಸಿಯಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಹನ್ನೆರಡು ಫಲಕಗಳನ್ನು ಒಟ್ಟಿಗೆ ಸಿದ್ಧಪಡಿಸಿಕೊಂಡು ಕುದುರೆಗಾಗಿ ಕಾಯುವುದೆಂದರೆ, ಹನ್ನೆರಡು ಒಲೆಗಳ ಮೇಲೆ ಹಾಲಿಟ್ಟು ಅತಿಥಿಗಾಗಿ ಕಾದಂತೆ. ಮೊದಲು ಗಾಡಿ ಎಳೆಯುವ ಕುದುರೆಯೊಂದು ಓಡಿತು. ಅದರ ಎರಡು ಚಕ್ರದ ಹಗುರ ಗಾಡಿ ನೆಲದ ಮೇಲಿನ ತಂತಿಗಳನ್ನು ದಾಟಿದಂತೆಲ್ಲ ವಿದ್ಯುತ್ತು ಹರಿದು ಒಂದೊಂದು ಕ್ಯಾಮರಾದ ಷಟರ್ ಬಿದ್ದಿತು. ಆಮೇಲೆ ‘ಸ್ಯಾಲಿ ಗಾರ್ಡ್‌ನರ್’ ಎಂಬ ಹೆಣ್ಣುಕುದುರೆ ಸವಾರನನ್ನು ಹೊತ್ತು ನಾಗಾಲೋಟದಲ್ಲಿ ಬಂದಿತು. ಈ ಸಲ ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ್ದರು. ಕುದುರೆಯ ಎದೆ ತಗಲಿ ದಾರ ಹರಿದಂತೆ ಷಟರುಗಳು ಬಿದ್ದವು. ದಾರಗಳಿಗೆ ಬೆದರಿದ ಕುದುರೆ ಒಮ್ಮೆ ಜಿಗಿದು ಜೀನಿನ ಪಟ್ಟಿ ಹರಿಯಿತು. ಅದೂ ಚಿತ್ರದಲ್ಲಿ ಬಂದಿದ್ದುದನ್ನು ಕಂಡ ಪತ್ರಕರ್ತರಿಗೆ, ಇದರಲ್ಲಿ ಕೈಚಳಕವಿಲ್ಲವೆಂದು ನಂಬಿಕೆ ಹುಟ್ಟಿತಂತೆ.

ಚಿತ್ರಗಳು ಹೇಳಿದ್ದೇನು? ನಾಲ್ಕು ಗೊರಸುಗಳೂ ನೆಲ ಬಿಡುವುದು ನಿಜ. ಆದರೆ ಜೆರಿಕೋನ ಕುದುರೆಯಂತೆ ಕಾಲು ಚಾಚಿದಾಗ ಅಲ್ಲ. ನಾಲ್ಕು ಕಾಲುಗಳನ್ನೂ ಹೊಟ್ಟೆಯ ಕೆಳಗೆ ಗಂಟುಕಟ್ಟಿದಂತೆ ಮಡಚಿಕೊಂಡಾಗ. ಗುಟ್ಟು ಬಿಟ್ಟುಕೊಟ್ಟ ಆ ಚಿತ್ರ ನೋಡಲು ಅಂದವಾಗಿಯೂ ಇರಲಿಲ್ಲ. ಕುದುರೆ ಓಡುವಂತಿಲ್ಲ, ಮುದುರಿ ಬಿದ್ದಂತಿದೆ. ಬಹಳ ಮಂದಿ ನಕ್ಕರು. ಆಗ ಮೈಬ್ರಿಜ್ ಒಂದು ಉಪಾಯ ಹೂಡಿದ. ಛಾಯಾಚಿತ್ರಗಳಿಂದ ಗಾಜಿನ ಚಕ್ರದ ಅಂಚಿಗೆ ಚಿತ್ರಗಳನ್ನು ಬರೆಯಿಸಿ, ಮ್ಯಾಜಿಕ್ ಲ್ಯಾಂಟರ್ನಿಗೆ ಅಳವಡಿಸಿ ತಿರುಗಿಸಿದ. ಪರದೆಯ ಮೇಲೆ ಕುದುರೆ ಓಡತೊಡಗಿತು! ಬಿಡಿಬಿಡಿಯಾಗಿ ನಂಬದವರು ಒಟ್ಟಾಗಿ ಕಂಡು ನಂಬಿದರು. ಆ ಚಕ್ರದ ಮೇಲಿದ್ದವು ಛಾಯಾಚಿತ್ರಗಳಲ್ಲ, ಕೈಯಿಂದ ಬರೆದವು. ಯಂತ್ರದಲ್ಲಿ ಆಕೃತಿ ಕುಗ್ಗಿ ಕಾಣುತ್ತಿದ್ದುದರಿಂದ ಕುದುರೆಯನ್ನು ಬೇಕೆಂದೇ ಉದ್ದವಾಗಿ ಎಳೆದು ಬರೆಯಲಾಗಿತ್ತು. ಸತ್ಯವನ್ನು ನಂಬಿಸಲು ಸ್ವಲ್ಪ ತಿದ್ದಬೇಕಾಯಿತೆಂಬುದನ್ನು ಗಮನದಲ್ಲಿಡೋಣ; ಮುಂದೆ ಇದೇ ಗುಣ ಮತ್ತೊಮ್ಮೆ ಎದುರಾಗುತ್ತದೆ.

ಪ್ಯಾರಿಸ್ಸಿನಲ್ಲಿ ಮಾರೇ ಈ ಚಿತ್ರಗಳನ್ನು ಪತ್ರಿಕೆಯೊಂದರಲ್ಲಿ ಕಂಡು ಹಿಗ್ಗಿದ. ೧೮೭೮ರ ಡಿಸೆಂಬರಿನಲ್ಲಿ ಅದೇ ಪತ್ರಿಕೆಗೆ ಬರೆದ ಕಾಗದದಲ್ಲಿ ಮೈಬ್ರಿಜ್ಜನನ್ನು ಕೊಂಡಾಡಿ, ಹಕ್ಕಿಯ ಹಾರಾಟವನ್ನೂ ಹೀಗೆ ಹಿಡಿದುಕೊಡಬಹುದೆ ಎಂದು ಕೇಳಿದ. ೧೮೮೧ರಲ್ಲಿ ಮೈಬ್ರಿಜ್ ಪ್ಯಾರಿಸ್ಸಿಗೆ ಬಂದಾಗ ಮಾರೇ ತನ್ನ ಮನೆಗೆ ವಿಜ್ಞಾನಿಗಳನ್ನೆಲ್ಲ ಕರೆದು ಆದರಿಸಿದ. ಚಿತ್ರಕಾರ ಮೇಸೋನಿಯೇ ತನ್ನ ಮನೆಯಲ್ಲಿ ಇನ್ನೊಂದು ಸಭೆ ಕೂಡಿಸಿದ. ಈ ಮೇಸೋನಿಯೇ ಸಾಮಾನ್ಯನಲ್ಲ. ಕುದುರೆಯ ಓಟವನ್ನು ಕಣ್ಣಾರೆ ಕಂಡು ಬರೆಯಬೇಕೆಂದು ತನ್ನ ತೋಟದಲ್ಲಿ ಕಂಬಿ ಹಾಸಿ, ಗಾಡಿಯಲ್ಲಿ ಕುಳಿತು, ಪಕ್ಕದಲ್ಲಿ ಓಡುವ ಕುದುರೆಯೊಡನೆ ತಾನೂ ಸಾಗುತ್ತ ರೇಖೆಗಳನ್ನೆಳೆದವನು. ಅಷ್ಟು ಪಾಡುಪಟ್ಟವನ ಕಣ್ಣಿಗೂ ಕಾಣದುದನ್ನು ಹನ್ನೆರಡು ಪೆಟ್ಟಿಗೆಗಳು ಕಂಡಿದ್ದವು.

ಹಕ್ಕಿಗಳ ವಿಷಯದಲ್ಲಿ ಮಾತ್ರ ಮಾರೇಗೆ ನಿರಾಶೆಯಾಯಿತು. ಮೈಬ್ರಿಜ್ ತಂದಿದ್ದವು ಪಾರಿವಾಳಗಳ ಬಿಡಿಚಿತ್ರಗಳು. ಅವುಗಳಲ್ಲಿ ರೆಕ್ಕೆಯ ಭಂಗಿಯಿತ್ತು, ಬಡಿತದ ಕ್ರಮವಿರಲಿಲ್ಲ. ಹಕ್ಕಿ ಬಂದು ದಾರ ಹರಿಯುತ್ತದೆಯೆ? ಇಷ್ಟೇ ಅಲ್ಲ, ಕುದುರೆಯ ಚಿತ್ರಗಳಲ್ಲೂ ಒಂದು ಕೊರತೆಯಿತ್ತು. ಷಟರ್ ಬೀಳುವ ಹೊತ್ತನ್ನು ಗೊತ್ತುಮಾಡಿದ್ದು ಗಡಿಯಾರವಲ್ಲ, ಕುದುರೆಯೇ. ದಾರ ಒಮ್ಮೆ ಬೇಗ ಹರಿದೀತು, ಒಮ್ಮೆ ಎಳೆದು ನಿಧಾನವಾಗಿ ಹರಿದೀತು. ಎಷ್ಟು ದೂರ ಎಂಬುದು ಗೊತ್ತು. ಎಷ್ಟು ಹೊತ್ತು ಎಂಬುದು ಗೊತ್ತಿಲ್ಲ. ಮೇಲಾಗಿ ಪ್ರತಿಯೊಂದು ಚಿತ್ರವನ್ನೂ ನೋಡಿದ್ದು ಬೇರೊಂದು ಕಣ್ಣು, ಬೇರೊಂದು ಜಾಗದಿಂದ.

ಮಾರೇ ಬೇರೆ ದಾರಿ ಹುಡುಕಿದ. ಆ ದಾರಿಯನ್ನು ಒಬ್ಬ ಖಗೋಳಶಾಸ್ತ್ರಜ್ಞ ಆಗಲೇ ತೋರಿಸಿದ್ದ. ಆತ ಪಿಯೆರ್ ಜಾನ್ಸೆನ್. ನಮ್ಮ ದೇಶಕ್ಕೆ ಆತ ಅಪರಿಚಿತನಲ್ಲ. ೧೮೬೮ರ ಖಗ್ರಾಸ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ನೋಡಿ, ಗ್ರಹಣವಿಲ್ಲದ ದಿನವೂ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸುವ ಉಪಾಯ ಕಂಡುಕೊಂಡವನು. ೧೮೭೧ರ ಗ್ರಹಣಕ್ಕೆ ನೀಲಗಿರಿಗೆ ಬಂದಿದ್ದವನು. ೧೮೭೪ರ ಡಿಸೆಂಬರಿನಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ಹಾದುಹೋಗುವುದಿತ್ತು. ಶುಕ್ರನ ಕಪ್ಪು ಚುಕ್ಕೆ ಸೂರ್ಯನ ಅಂಚನ್ನು ಮುಟ್ಟುವ ಕ್ಷಣ ಯಾವುದೆಂಬುದು ಸೂರ್ಯನ ದೂರವನ್ನು ಲೆಕ್ಕಹಾಕಲು ಬೇಕು. ಆದರೆ ಅಕ್ಕಪಕ್ಕ ನಿಂತು ನೋಡಿದ ಇಬ್ಬರು ಕೂಡ ಒಂದೇ ಕ್ಷಣವನ್ನು ಹೇಳುವುದಿಲ್ಲ. ಜಾನ್ಸೆನ್ ಮನುಷ್ಯನ ಕಣ್ಣನ್ನು ಬದಿಗಿಟ್ಟು, ಪಿಸ್ತೂಲಿನಂತೆ ತಿರುಗುವ ಯಂತ್ರವನ್ನು ಮಾಡಿಸಿ ಜಪಾನಿಗೆ ಒಯ್ದ. ಗಡಿಯಾರದ ಚಕ್ರಗಳಿಂದ ತಿರುಗುವ ಒಂದೇ ಫಲಕದ ಅಂಚಿನಲ್ಲಿ ಎಪ್ಪತ್ತೆರಡು ಸೆಕೆಂಡುಗಳಲ್ಲಿ ನಲವತ್ತೆಂಟು ಚಿತ್ರಗಳು. ಅಂದರೆ ಒಂದೂವರೆ ಸೆಕೆಂಡಿಗೊಂದು, ತಪ್ಪದೆ. ಕಾಲಕ್ಕೆ ಕಟ್ಟಿಹಾಕಿದ ಚಿತ್ರಗಳ ಸಾಲು ಇಲ್ಲಿಂದ ಆರಂಭವಾಯಿತೆನ್ನಬೇಕು.

ಮಾರೇ ೧೮೮೨ರಲ್ಲಿ ಇದನ್ನೇ ನಿಜವಾದ ಬಂದೂಕಿನ ಆಕಾರಕ್ಕೆ ತಂದ. ನಳಿಗೆಯಲ್ಲಿ ಮಸೂರ; ಗುಂಡಿನ ಜಾಗದಲ್ಲಿ ತಿರುಗುವ ಫಲಕ; ಕುದುರೆ ಒತ್ತಿದರೆ ಒಂದು ಸೆಕೆಂಡಿನಲ್ಲಿ ಹನ್ನೆರಡು ಚಿತ್ರ. (ಬಂದೂಕಿನ ಕೀಲಿಗೂ ನಾವು ಕುದುರೆಯೆನ್ನುತ್ತೇವಲ್ಲ!) ಚಳಿಗಾಲವನ್ನು ಆತ ನೇಪಲ್ಸಿನ ಬಳಿ ಕಳೆಯುತ್ತಿದ್ದ. ಕಡಲಹಕ್ಕಿಗಳತ್ತ ದಿನವಿಡೀ ಬಂದೂಕು ಹಿಡಿದು ಗುರಿಯಿಡುವ, ಒಂದನ್ನೂ ಹೊಡೆಯದೆ ಸಂತೋಷದಿಂದ ಮನೆಗೆ ಹೋಗುವ ಈ ಪರದೇಶಿಯನ್ನು ಕಂಡು ಅಲ್ಲಿನ ಜನ ಮರುಳನೆಂದು ನಕ್ಕರಂತೆ.

ಬಂದೂಕಿನ ಚಿತ್ರಗಳು ತೀರ ಚಿಕ್ಕವು. ಸೆಕೆಂಡಿಗೆ ಹನ್ನೆರಡು ಸಾಲವು. ಅದೇ ವರ್ಷ ಪ್ಯಾರಿಸ್ಸಿನ ಅಂಚಿನಲ್ಲಿ, ಬುವಾ ದ ಬುಲೋನ್ ವನದ ಬಳಿ, ಸರಕಾರದ ನೆರವಿನಿಂದ ಆತನ ಪ್ರಯೋಗಶಾಲೆ ಎದ್ದಿತು. ಸಹಾಯಕನಾಗಿ ಜಾರ್ಜ್ ದೆಮೆನಿ ಎಂಬ ತರುಣ ಸೇರಿದ. ಅಲ್ಲಿ ಮಾರೇ ಮಾಡಿದ ಕೆಲಸವೇ ಈ ಇಡೀ ಇತಿಹಾಸದ ತಿರುಳೆಂದು ನನ್ನ ಅಭಿಪ್ರಾಯ. ಕಗ್ಗತ್ತಲೆಯಂಥ ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಉಡುಪಿನ ಮನುಷ್ಯ ನಡೆಯುವನು. ಕ್ಯಾಮರಾ ಒಂದೇ, ಫಲಕವೂ ಒಂದೇ. ಮಸೂರದ ಮುಂದೆ ಕಂಡಿಗಳಿರುವ ಒಂದು ತಟ್ಟೆ ಸಮವೇಗದಲ್ಲಿ ತಿರುಗುವುದು. ಕಂಡಿ ಎದುರಿಗೆ ಬಂದಾಗಲೆಲ್ಲ ಬೆಳಕು ಒಳಬೀಳುವುದು. ಕಪ್ಪು ಹಿನ್ನೆಲೆ ಫಲಕಕ್ಕೆ ಏನನ್ನೂ ಮಾಡದು. ಬಿಳಿಯ ಮನುಷ್ಯ ಮಾತ್ರ ಹೆಜ್ಜೆಹೆಜ್ಜೆಗೂ ಅಚ್ಚೊತ್ತುವನು. ಚಿತ್ರದ ಮೂಲೆಯಲ್ಲಿ ಒಂದು ಗಡಿಯಾರದ ಮುಖ. ಅದರ ಬಿಳಿಯ ಮುಳ್ಳೂ ಪ್ರತಿ ಸಲ ಅಚ್ಚಾಗುವುದು. ಕೆಳಗೆ ಅಳತೆಯ ಪಟ್ಟಿ. ಎಷ್ಟು ದೂರ, ಎಷ್ಟು ಹೊತ್ತು, ಎರಡೂ ಒಂದೇ ಗಾಜಿನ ಮೇಲೆ.

ಅಲ್ಲೊಂದು ತೊಡಕು ಬಂದಿತು. ಹೆಚ್ಚು ವಿವರ ಬೇಕೆಂದು ಚಿತ್ರಗಳನ್ನು ಹೆಚ್ಚಿಸಿದರೆ ಒಂದರ ಮೇಲೊಂದು ಬಿದ್ದು ಎಲ್ಲವೂ ಕಲಸುಮೇಲೋಗರ. ಮಾರೇ ಕಂಡುಕೊಂಡ ಪರಿಹಾರ ವಿಚಿತ್ರವಾದುದು. ಮನುಷ್ಯನಿಗೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆಯನ್ನು ತೊಡಿಸಿದ, ಮುಖವನ್ನೂ ಮುಚ್ಚಿದ. ತೋಳು ಮತ್ತು ಕಾಲಿನ ಉದ್ದಕ್ಕೆ ಬಿಳಿಯ ಪಟ್ಟಿ, ಕೀಲುಗಳ ಮೇಲೆ ಹೊಳೆಯುವ ಗುಂಡಿ. ಈಗ ಫಲಕದ ಮೇಲೆ ಮನುಷ್ಯನೇ ಇಲ್ಲ! ಗಾಳಿಗೆ ಬಾಗಿದ ಹುಲ್ಲಿನ ಗರಿಗಳಂತೆ ಗೆರೆಗಳು, ಗೆರೆಗಳ ಮೇಲೆ ಗೆರೆಗಳು. ಇಪ್ಪತ್ತು ವರ್ಷಗಳ ಹಿಂದೆ ನಾಡಿಯಂತ್ರ ಗೀರಿದ ಗೆರೆಗೆ ಆತ ಮರಳಿ ಬಂದಿದ್ದ. ಈ ಸಲ ಆ ಗೆರೆಯನ್ನು ಬೆಳಕು ಬರೆದಿತ್ತು. ಸೈನಿಕ ಎಷ್ಟು ಭಾರ ಹೊತ್ತು ಹೇಗೆ ನಡೆದರೆ ದಣಿವು ಕಡಿಮೆ, ಕುಂಟುವವನ ಮಂಡಿ ಎಲ್ಲಿ ತಡೆಯುತ್ತದೆ ಎಂಬುದನ್ನೆಲ್ಲ ಈ ಗೆರೆಗಳಿಂದ ಅಳೆಯಬಹುದಾಗಿತ್ತು.

ಅತ್ತ ಮೈಬ್ರಿಜ್ಜನ ಗತಿ ಏನಾಯಿತು? ೧೮೮೨ರಲ್ಲಿ ಸ್ಟ್ಯಾನ್‌ಫರ್ಡ್ ತನ್ನ ವೈದ್ಯಮಿತ್ರ ಸ್ಟಿಲ್‌ಮನ್ ಎಂಬುವನಿಂದ ಕುದುರೆಯ ಓಟದ ಬಗ್ಗೆ ಪುಸ್ತಕ ಬರೆಯಿಸಿ ಪ್ರಕಟಿಸಿದ. ಅದರ ಮುಖಪುಟದಲ್ಲಿ ಮೈಬ್ರಿಜ್ಜನ ಹೆಸರಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಆತನಿಂದ ಪ್ರಬಂಧ ಓದಿಸಲು ಒಪ್ಪಿದ್ದುದು, ಈ ಪುಸ್ತಕ ಕಣ್ಣಿಗೆ ಬಿದ್ದೊಡನೆ ಹಿಂದೆಗೆಯಿತು. ಆತ ಹೂಡಿದ ದಾವೆಯೂ ನಿಲ್ಲಲಿಲ್ಲ. ಹಣ ಹಾಕಿದವನು ಕೆಲಸವೂ ತನ್ನದೇ ಎಂದು ಎಣಿಸುವುದು ಹೊಸತೇನಲ್ಲ.

ಆತನ ಕೈಹಿಡಿದದ್ದು ಫಿಲಡೆಲ್ಫಿಯದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯ. ಅಲ್ಲಿ ಗಡಿಯಾರದ ಯಂತ್ರದಿಂದ ಷಟರುಗಳನ್ನು ಬೀಳಿಸುವ ಏರ್ಪಾಡಾಯಿತು. ೧೮೮೭ರಲ್ಲಿ ಹೊರಬಂದ ಆತನ ಮಹಾಸಂಪುಟದಲ್ಲಿ ೭೮೧ ಪುಟಚಿತ್ರಗಳು, ಅವುಗಳಲ್ಲಿ ಹತ್ತೊಂಬತ್ತು ಸಾವಿರಕ್ಕೂ ಮೀರಿದ ಬಿಡಿಚಿತ್ರಗಳು. ಓಡುವವರು, ಏಣಿ ಹತ್ತುವವರು, ಕೊಡ ಹೊರುವ ಹೆಂಗಸರು, ಕುಸ್ತಿಯವರು, ಆಸ್ಪತ್ರೆಯ ರೋಗಿಗಳು, ಮೃಗಾಲಯದ ಪ್ರಾಣಿಗಳು, ಏನುಂಟು ಏನಿಲ್ಲ! ಚಿತ್ರಕಾರರಿಗೆ ಅದು ನಿಘಂಟಾಯಿತು. ಪುಟದ ಮೇಲೆ ಒಂದು, ಎರಡು, ಮೂರು ಎಂದು ಕ್ರಮವಾಗಿ ಅಂಕಿಗಳು. ನೋಡಿದೊಡನೆ ವಿಜ್ಞಾನವೆಂಬ ಗೌರವ ಹುಟ್ಟುತ್ತದೆ.

ಆ ಗೌರವವನ್ನು ಒಂದು ಶತಮಾನದ ಅನಂತರ ಒರೆಗೆ ಹಚ್ಚಿದವಳು ಮಾರ್ತಾ ಬ್ರಾನ್ ಎಂಬ ವಿದುಷಿ. ಮಾರೇಯನ್ನು ಕುರಿತು ೧೯೯೨ರಲ್ಲಿ ಪ್ರಕಟವಾದ ಆಕೆಯ ಗ್ರಂಥದಲ್ಲಿ ಮೈಬ್ರಿಜ್ಜನ ಪುಟಗಳನ್ನು ಒಂದೊಂದಾಗಿ ಪರಿಶೀಲಿಸಿ, ಅನೇಕ ಸಾಲುಗಳು ಹೇಳಿಕೊಂಡಂತಿಲ್ಲವೆಂದು ತೋರಿಸಿದಳು. ಎಲ್ಲಿ ಒಂದು ಚಿತ್ರ ಕೆಟ್ಟಿತೋ ಅಲ್ಲಿ ಬೇರೆ ಸಲದ ಚಿತ್ರವನ್ನು ಸೇರಿಸಿ, ಅಂಕಿಯನ್ನು ಮಾತ್ರ ಸಾಲಾಗಿ ಹಾಕಲಾಗಿದೆ. ನಡುವೆ ಕಳೆದದ್ದು ಒಂದು ಕ್ಷಣದ ತುಣುಕೋ, ಅಥವಾ ಆ ಹೆಂಗಸು ಹೋಗಿ ಮತ್ತೆ ಬಂದು ನಿಂತಳೋ, ಪುಟ ಹೇಳುವುದಿಲ್ಲ. ಮೈಬ್ರಿಜ್ಜನನ್ನು ಮೋಸಗಾರನೆಂದು ಹಳಿಯಲು ನನಗೆ ಮನಸ್ಸಿಲ್ಲ. ಆತ ಹುಟ್ಟಾ ಕಥೆಗಾರ. ಕಥೆಯಲ್ಲಿ ಎಳೆ ಕಡಿದರೆ ಗಂಟುಹಾಕುವವನು. ಆದರೆ ಆ ಚಿತ್ರಗಳನ್ನು ನಂಬಿ ಸ್ನಾಯುಗಳ ಚಲನೆಯನ್ನು ಲೆಕ್ಕಹಾಕುವವನಿಗೆ ಆ ಗಂಟೇ ಕಂಟಕ. ಆತನ ಕೆಲಸವನ್ನು ಹತ್ತಿರದಿಂದ ನೋಡಿದ ಫಿಲಡೆಲ್ಫಿಯದ ಚಿತ್ರಕಾರ ಥಾಮಸ್ ಈಕಿನ್ಸ್ ತನ್ನ ಸ್ವಂತ ಪ್ರಯೋಗಗಳಿಗೆ ಮಾರೇಯ ದಾರಿಯನ್ನೇ ಹಿಡಿದ.

ಈಕಿನ್ಸನ ಹೆಸರು ಬಂದಾಗ ಆತನ ಒಂದು ಚಿತ್ರವನ್ನು ನೆನೆಯಲೇಬೇಕು. ನಾಲ್ಕು ಕುದುರೆಗಳು ಎಳೆಯುವ ಸಾರೋಟಿನ ಆ ಚಿತ್ರದಲ್ಲಿ (೧೮೭೯–೮೦) ಕುದುರೆಗಳ ಕಾಲುಗಳು ಕ್ಯಾಮರಾ ಕಂಡಂತೆ ನಿಖರವಾಗಿ ನಿಂತಿವೆ. ಚಕ್ರದ ಅರಗಳು ಮಾತ್ರ ಕಣ್ಣಿಗೆ ಕಾಣುವಂತೆ ಮಸುಕಾಗಿವೆ. ಕಾಲು ನಿಂತಿದೆ, ಚಕ್ರ ತಿರುಗುತ್ತಿದೆ! ಇಂಥದನ್ನು ಕಂಡೇ ಇರಬೇಕು, ಶಿಲ್ಪಿ ರೋದಾಂ ೧೯೧೧ರಲ್ಲಿ ಪ್ರಕಟವಾದ ತನ್ನ ಸಂಭಾಷಣೆಗಳಲ್ಲಿ ಜೆರಿಕೋನ ಪಕ್ಷ ವಹಿಸಿ ವಾದಿಸಿದ್ದು: ಕಲಾವಿದ ಹೇಳುವುದೇ ನಿಜ, ಛಾಯಾಚಿತ್ರವೇ ಸುಳ್ಳು, ಏಕೆಂದರೆ ಕಾಲ ಎಂದೂ ನಿಲ್ಲುವುದಿಲ್ಲ. ಒಂದೇ ಒಂದು ಛಾಯಾಚಿತ್ರದ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಮಾರೇಯ ಫಲಕಕ್ಕೆ ಇದು ತಗಲುವುದಿಲ್ಲ. ಅಲ್ಲಿ ಕಾಲ ನಿಂತಿಲ್ಲ. ಗಡಿಯಾರದ ಮುಳ್ಳಿನೊಡನೆ ಸರಿದುಹೋಗಿದೆ.

ಕ್ರಮಬದ್ಧ ಚಿತ್ರಗಳ ಸಾಲಿಗೆ ಎಂಥ ಶಕ್ತಿಯಿದೆಯೆಂಬುದು ೧೮೯೪ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಮಾರೇ ಗಾಜನ್ನು ಬಿಟ್ಟು ಉದ್ದನೆಯ ಪಟ್ಟಿಗೆ ಬಂದಿದ್ದ. ೧೮೮೮ರಲ್ಲಿ ಕಾಗದ, ಆಮೇಲೆ ಸೆಲ್ಯುಲಾಯ್ಡ್ ಫಿಲ್ಮು. ಅಂದು ಆತ ತೋರಿಸಿದ್ದು ಒಂದು ಬೆಕ್ಕಿನ ಚಿತ್ರಗಳನ್ನು. ನಾಲ್ಕು ಕಾಲುಗಳನ್ನು ಹಿಡಿದು ಬೆನ್ನಡಿಯಾಗಿ ಬಿಟ್ಟ ಬೆಕ್ಕು, ಬೀಳುವಷ್ಟರಲ್ಲಿ ತಿರುಗಿ ಕಾಲೂರಿ ನಿಲ್ಲುತ್ತದೆ. ಅಜ್ಜಿಯರಿಗೂ ಗೊತ್ತಿರುವ ಸಂಗತಿ. ಆದರೆ ಪಂಡಿತರು ಒಪ್ಪಲಿಲ್ಲ. ಗಾಳಿಯಲ್ಲಿ ಆನಿಕೆಯಿಲ್ಲದ ವಸ್ತು ತನ್ನಷ್ಟಕ್ಕೆ ತಿರುಗುವುದು ಯಂತ್ರಶಾಸ್ತ್ರಕ್ಕೆ ವಿರುದ್ಧ. ಬೆಕ್ಕು ಹಿಡಿದವನ ಕೈಯನ್ನೇ ಒದ್ದು ತಿರುವು ಪಡೆದಿರಬೇಕು ಎಂದು ವಾದ ಹೂಡಿದರು. ಮಾರೇ ಚಿತ್ರಗಳನ್ನು ಮುಂದಿಟ್ಟ. ಕೈಬಿಟ್ಟ ಮೊದಲ ಕೆಲವು ಚಿತ್ರಗಳಲ್ಲಿ ಬೆಕ್ಕು ತಿರುಗುತ್ತಲೇ ಇಲ್ಲ. ಒದ್ದಿದ್ದರೆ ಮೊದಲಿನಿಂದಲೇ ತಿರುಗಬೇಕಿತ್ತು. ಆಮೇಲೆ ಅದು ಮುಂಗಾಲುಗಳನ್ನು ಎದೆಗೆ ಅವಚಿ, ಹಿಂಗಾಲುಗಳನ್ನು ಚಾಚಿ, ಮುಂಭಾಗವನ್ನು ತಿರುಗಿಸುತ್ತದೆ. ಬಳಿಕ ಮುಂಗಾಲು ಚಾಚಿ, ಹಿಂಗಾಲು ಅವಚಿ, ಹಿಂಭಾಗವನ್ನು ತಿರುಗಿಸುತ್ತದೆ. ಅರ್ಧ ಮೈ ಇನ್ನರ್ಧ ಮೈಗೆ ಆನಿಕೆಯಾಗುತ್ತದೆ. ನಿಯಮ ಮುರಿಯಲಿಲ್ಲ, ನಿಯಮವನ್ನು ಪಂಡಿತರಿಗಿಂತ ಬೆಕ್ಕು ಚೆನ್ನಾಗಿ ಬಲ್ಲದು. ಬರಿಯ ಒಂದು ಚಿತ್ರ ಈ ವಾದವನ್ನು ಗೆಲ್ಲುತ್ತಿರಲಿಲ್ಲ. ಇಲ್ಲಿ ಗೆದ್ದದ್ದು ಕ್ರಮ.

ಫಿಲ್ಮಿನ ಪಟ್ಟಿಯಲ್ಲಿ ಹೀಗೆ ಚಿತ್ರ ಹಿಡಿದವನು ಸಿನಿಮಾವನ್ನು ಏಕೆ ಮಾಡಲಿಲ್ಲ? ಒಂದು ಕಾರಣ ಯಂತ್ರದ್ದು. ಮಾರೇಯ ಪಟ್ಟಿಯ ಅಂಚಿಗೆ ರಂಧ್ರಗಳಿರಲಿಲ್ಲ. ಆದ್ದರಿಂದ ಪಟ್ಟಿಯ ಮೇಲೆ ಚಿತ್ರದಿಂದ ಚಿತ್ರಕ್ಕೆ ದೂರ ಒಂದೇ ಸಮನಾಗಿ ಬೀಳುತ್ತಿರಲಿಲ್ಲ. ಕಾಲದ ಅಂತರವನ್ನು ಕಾಯ್ದುಕೊಳ್ಳಲು ಜೀವ ತೇದವನಿಗೆ ಅಂಗುಲದ ಅಂತರ ಕೈಕೊಟ್ಟಿತು! ಪರದೆಗೆ ಬಿಟ್ಟರೆ ಚಿತ್ರ ಕುಣಿಯುತ್ತಿತ್ತು. ಇನ್ನೊಂದು ಕಾರಣ ಮನಸ್ಸಿನದು, ಇದೇ ಮುಖ್ಯ. ಶಿಷ್ಯ ದೆಮೆನಿಗೆ ಚಲಿಸುವ ಚಿತ್ರದಿಂದ ಹಣ ಮಾಡುವ ಆಸೆ ಹುಟ್ಟಿತು. ಇಬ್ಬರಿಗೂ ವಿರಸ ಬೆಳೆದು ೧೮೯೪ರಲ್ಲಿ ಮಾರೇ ಅವನನ್ನು ಹೊರಗೆ ಕಳಿಸಿದ. ಮರುವರ್ಷ ಡಿಸೆಂಬರ್ ೨೮ರಂದು ಲ್ಯೂಮಿಯೇರ್ ಸೋದರರು ಪ್ಯಾರಿಸ್ಸಿನ ಕಾಫಿ ಹೋಟೆಲಿನಲ್ಲಿ ಟಿಕೆಟ್ಟಿಟ್ಟು ಚಿತ್ರ ತೋರಿಸಿದರು. ೧೮೯೬ರ ಜುಲೈ ೭ಕ್ಕೆ ಅದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಬಂದಿತು. ಮಾರೇಗೆ ಇದರಲ್ಲಿ ಅಚ್ಚರಿಯೇ ಕಾಣಲಿಲ್ಲ. ಕಣ್ಣಿಗೆ ನೇರವಾಗಿ ಕಾಣುವುದನ್ನೇ ಪರದೆ ಮತ್ತೆ ತೋರಿಸುತ್ತದೆ. ಕಣ್ಣಿನ ಶಕ್ತಿಗೆ ಏನನ್ನೂ ಸೇರಿಸುವುದಿಲ್ಲ, ಅದರ ಒಂದು ದೋಷವನ್ನೂ ಕ��ೆಯುವುದಿಲ್ಲ ಎಂಬರ್ಥದ ಮಾತನ್ನು ೧೮೯೯ರಲ್ಲಿ ಬರೆದ. ತೀರ ವೇಗದ್ದನ್ನು ನಿಧಾನವಾಗಿಯೂ ತೀರ ನಿಧಾನದ್ದನ್ನು ವೇಗವಾಗಿಯೂ ತೋರಿಸಿದರೆ ಮಾತ್ರ ಅದರಿಂದ ಪ್ರಯೋಜನವೆಂದು ಆತನ ಮತ. ಸಿನಿಮಾಪ್ರಿಯರಿಗೆ ಇದು ರಸಹೀನನ ಮಾತಾಗಿ ತೋರಬಹುದು.

ಆದರೆ ಅದೇ ಕಾಲಕ್ಕೆ ಜರ್ಮನಿಯ ಲೈಪ್‌ಜಿಗ್ಗಿನಲ್ಲಿ ಸಸ್ಯಶಾಸ್ತ್ರಜ್ಞ ವಿಲ್‌ಹೆಲ್ಮ್ ಫೆಫರ್ ಎರಡನೆಯ ಮಾತನ್ನು ನಿಜಮಾಡಿ ತೋರಿಸುತ್ತಿದ್ದ. ಚಿತ್ರ-ಚಿತ್ರಗಳ ನಡುವಣ ಕಾಲವನ್ನು ಆತ ಕುಗ್ಗಿಸಲಿಲ್ಲ, ಹಿಗ್ಗಿಸಿದ. ಬಿಡುವು ಬಿಟ್ಟು ಬಿಡುವು ಬಿಟ್ಟು ತೆಗೆದ ಚಿತ್ರಗಳನ್ನು ಒಟ್ಟಿಗೆ ಓಡಿಸಿದಾಗ ಟ್ಯೂಲಿಪ್ ಹೂ ಕಣ್ಣೆದುರಿಗೆ ಅರಳಿತು. ಬೇರು ಮಣ್ಣಿನಲ್ಲಿ ದಾರಿ ಹುಡುಕುತ್ತ ಹೊರಳಿತು. ನಮ್ಮ ಹಿತ್ತಿಲಿನಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಮಡಚಿ ಬಿಚ್ಚಿತು. ಗಿಡ ಅಲುಗದೆ ನಿಂತಿದೆಯೆಂದು ನಾವು ತಿಳಿದಿದ್ದುದಕ್ಕೆ ಗಿಡ ಕಾರಣವಲ್ಲ, ನಮ್ಮ ಅವಸರ. ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಅದೇ ಮುಟ್ಟಿದರೆ ಮುನಿಯನ್ನು ಮುಂದೆ ಪರೀಕ್ಷಿಸಿದಾಗ ಹಿಡಿದದ್ದು ಕ್ಯಾಮರಾವನ್ನಲ್ಲ. ಮಸಿ ಹಿಡಿಸಿದ ಗಾಜಿನ ಮೇಲೆ ಗೀರುವ ಕಡ್ಡಿಯನ್ನು. ಮಾರೇ ಮೊದಲು ಹಿಡಿದ ದಾರಿಯೂ ಅದೇ ಆಗಿತ್ತು.

ಮಾರೇ ತನ್ನ ಕೊನೆಯ ವರ್ಷಗಳಲ್ಲಿ ಗಾಳಿಯ ಚಿತ್ರ ತೆಗೆಯಲು ಕುಳಿತ. ಗಾಜಿನ ಪೆಟ್ಟಿಗೆಯೊಳಗೆ ಹೊಗೆಯ ಸಣ್ಣ ಎಳೆಗಳನ್ನು ಮಗ್ಗದ ಹಾಸಿನಂತೆ ಸಾಲಾಗಿ ಇಳಿಬಿಟ್ಟು, ನಡುವೆ ಒಂದು ಹಲಗೆಯನ್ನೋ ಬಾಗಿದ ರೆಕ್ಕೆಯಂಥ ತುಂಡನ್ನೋ ಇಡುವನು. ಹೊಗೆಯ ಎಳೆಗಳು ಅದನ್ನು ಬಳಸಿ, ಹಿಂದೆ ಸುಳಿಸುತ್ತಿ ಮುಂದೆ ಹೋಗುವುದನ್ನು ಮಿಂಚುಬೆಳಕಿನಲ್ಲಿ ಹಿಡಿಯುವನು. ೧೮೯೯ರಿಂದ ೧೯೦೧ರವರೆಗೆ ತೆಗೆದ ಈ ಚಿತ್ರಗಳು ಕೂದಲು ಬಾಚಿದಂತೆ ನುಣುಪಾಗಿವೆ. ಇಲ್ಲಿಯೂ ಆತ ಹಳೆಯ ಹಟ ಬಿಡಲಿಲ್ಲ. ಹೊಗೆಯ ಕೊಳವೆಗಳನ್ನು ಸೆಕೆಂಡಿಗೆ ಹತ್ತು ಸಲ ಅಲುಗಿಸುವ ಏರ್ಪಾಡು ಮಾಡಿ, ಎಳೆಗಳಲ್ಲಿ ಏಳುವ ಅಲೆಗಳಿಂದ ಗಾಳಿಯ ವೇಗವನ್ನು ಎಣಿಸಿದ. ಗಾಳಿಗೂ ಗಡಿಯಾರ ಕಟ್ಟಿದಂತಾಯಿತು.

ಮೈಬ್ರಿಜ್ ಅಷ್ಟು ಹೊತ್ತಿಗೆ ಹುಟ್ಟೂರಾದ ಥೇಮ್ಸ್ ದಡದ ಕಿಂಗ್‌ಸ್ಟನ್ನಿಗೆ ಹಿಂದಿರುಗಿದ್ದ. ೧೯೦೪ರ ಮೇ ೮ರಂದು ಆತ ತೀರಿಕೊಂಡಾಗ ಮನೆಯ ತೋಟದಲ್ಲಿ ಅಮೆರಿಕದ ಮಹಾಸರೋವರಗಳ ಆಕಾರದ ಕೊಳವನ್ನು ಅಗೆಯುತ್ತಿದ್ದನಂತೆ. ಮಾರೇ ಪ್ಯಾರಿಸ್ಸಿನಲ್ಲಿ ಅದೇ ತಿಂಗಳು ಕಣ್ಣು ಮುಚ್ಚಿದ. ಆತನ ಪ್ರಯೋಗಶಾಲೆಯಲ್ಲಿ ಲ್ಯೂಸಿಯನ್ ಬುಲ್ ಎಂಬ ಸಹಾಯಕ ಉಳಿದುಕೊಂಡು, ವಿದ್ಯುತ್ತಿನ ಕಿಡಿಗಳ ಬೆಳಕಿನಲ್ಲಿ ನೊಣ ಮತ್ತು ಏರೋಪ್ಲೇನ್ ಚಿಟ್ಟೆಗಳ ರೆಕ್ಕೆಬಡಿತವನ್ನು ಸೆಕೆಂಡಿಗೆ ಸಾವಿರಕ್ಕೂ ಮೀರಿದ ಚಿತ್ರಗಳಲ್ಲಿ ಹಿಡಿದ. ೧೯೭೦ರ ದಶಕದ ಕೊನೆಗೆ, ಪಕ್ಕದ ರೋಲಾಂ ಗಾರೋಸ್ ಟೆನಿಸ್ ಕ್ರೀಡಾಂಗಣವನ್ನು ವಿಸ್ತರಿಸುವಾಗ, ಮಾರೇಯ ಹೆಸರಿನ ಆ ಸಂಸ್ಥೆಯ ಕಟ್ಟಡವನ್ನು ಕೆಡವಿದರು. ಬಿಳಿಯ ಉಡುಪಿನ ಮನುಷ್ಯರು ಕಪ್ಪು ಗೋಡೆಯ ಮುಂದೆ ಓಡಿದ ನೆಲ ಈಗ ಆಟದ ಬಯಲು.